ಹೊಸ ತಂತ್ರಾಂಶ: ಬಿತ್ತುವ ಮುನ್ನ ಬೀಜ ನೋಡಿ

ಕಲಬುರಗಿ ತೊಗರಿಯ ಕಣಜ. ಇಲ್ಲಿನ ಅನುಭವಿ ರೈತ ಹೊಸ ಬೀಜದ ಹೆಸರು ಕಿವಿಗೆ ಬಿದ್ದ ಕೂಡಲೇ ಇಡೀ ಹೊಲಕ್ಕೆ ಅದನ್ನೇ ಬಿತ್ತುವುದಿಲ್ಲ. ಹೊಲದ ಒಂದು ಮೂಲೆಯಲ್ಲಿ ನಾಲ್ಕು ಸಾಲು ಹಾಕಿ ನೋಡುತ್ತಾನೆ. ನೆಟೆ ರೋಗ ತಡೆದುಕೊಂಡೀತೇ, ಮಳೆ ಕೈಕೊಟ್ಟರೆ ನಿಂತೀತೇ ಎಂದು ಕಾಯುತ್ತಾನೆ. ನೆಟೆ ರೋಗವನ್ನು ತಾಳಿಕೊಳ್ಳುವ ಮಾರುತಿ, ಟಿ.ಎಸ್.-3ಆರ್ ತಳಿಗಳು ಕೂಡ ಸಂಶೋಧನಾ ತಾಕುಗಳಲ್ಲಿ ಪರೀಕ್ಷೆ ದಾಟಿದ ಮೇಲೆಯೇ ರೈತರ ಹೊಲಕ್ಕೆ ಬಂದವು. ಕಮಲಾಪುರದ ಕೆಂಪು ಬಾಳೆಯಂತೂ ಇನ್ನೂ ನಿಧಾನದ ಬೆಳೆ. ಕಂದು ನೆಟ್ಟರೆ ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ. ಕಂದು ಆರಿಸುವಾಗ ಮಾಡಿದ ತಪ್ಪು ಅಷ್ಟು ದಿನ ಕಳೆದ ಮೇಲೆ ಗೊತ್ತಾಗುತ್ತದೆ.

ಈಗ ಕಮಲಾಪುರದಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಬಂದು ಎಂಜಿನಿಯರಿಂಗ್ ಓದುವ ಒಬ್ಬ ವಿದ್ಯಾರ್ಥಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಪ್ಪ ಸಾಲ ಮಾಡಿ ಕೊಡಿಸಿದ ಒಂದೇ ಲ್ಯಾಪ್‌ಟಾಪ್. ಅದರಲ್ಲೇ ಕೊನೆಯ ವರ್ಷದ ಪ್ರಾಜೆಕ್ಟ್. ಅದನ್ನು ಒಪ್ಪಿಸಲು ವಾರ ಉಳಿದಿರುವಾಗ ‘ತೀರಾ ಹೊಸ ಆವೃತ್ತಿ ಬಂದಿದೆ’ ಎಂದು ಗೆಳೆಯನ ಮಾತು ಕೇಳಿ ಹುಡುಗ ಅದನ್ನು ಹಾಕಿಕೊಳ್ಳುತ್ತಾನೆ. ಬೆಳಗಾಗುವುದರೊಳಗೆ ಪರದೆ ಕಪ್ಪಾಗಿದೆ. ರೈತನ ಮಗ ತಂದೆಯ ಹೊಲದ ಪಾಠವನ್ನು ಲ್ಯಾಪ್‌ಟಾಪಿನ ಮುಂದೆ ಮರೆತರೆ ಆಗುವುದು ಹೀಗೆ.

ಅಡುಗೆಯಲ್ಲ, ಅಡುಗೆಯ ಪಟ್ಟಿ

ಮುಕ್ತ ತಂತ್ರಾಂಶವೆಂದರೆ ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಲಿನಕ್ಸ್ ಬಳಸುವ ಬಹುತೇಕರಿಗೆ ತಂತ್ರಾಂಶಗಳು ಸಿದ್ಧ ಅಡುಗೆಯಂತೆ ಸಿಗುತ್ತವೆ, ಇಳಿಸಿಕೊಂಡು ಬಳಸಿದರಾಯಿತು. ಜೆಂಟೂ ಎಂಬ ಲಿನಕ್ಸಿನ ದಾರಿ ಬೇರೆ. ಅಮೆರಿಕದ ಡೇನಿಯಲ್ ರಾಬಿನ್ಸ್ ಆರಂಭಿಸಿದ ಇದರ 1.0 ಆವೃತ್ತಿ 2002ರಲ್ಲಿ ಹೊರಬಂತು. ಅತಿ ವೇಗವಾಗಿ ಈಜುವ ಪೆಂಗ್ವಿನ್ ಜಾತಿಯ ಹೆಸರೇ ಇದಕ್ಕೆ.

ಜೆಂಟೂವಿನ ಪ್ಯಾಕೇಜ್ ವ್ಯವಸ್ಥಾಪಕದ ಹೆಸರು ಪೋರ್ಟೇಜ್. ಅದು ಮುಖ್ಯವಾಗಿ ಕೊಡುವುದು ಅಡುಗೆಯನ್ನಲ್ಲ, ಅಡುಗೆ ಮಾಡುವ ವಿಧಾನವನ್ನು. ಮೂಲ ಸಂಕೇತ ಎಲ್ಲಿ ಸಿಗುತ್ತದೆ, ಜೊತೆಗೆ ಯಾವ ಯಾವ ತಂತ್ರಾಂಶ ಬೇಕು, ಹೇಗೆ ಕಟ್ಟಬೇಕು ಎಂಬುದೆಲ್ಲ ‘ಇಬಿಲ್ಡ್’ ಎಂಬ ಪುಟ್ಟ ಕಡತದಲ್ಲಿರುತ್ತದೆ. ಆಜ್ಞೆ ಕೊಟ್ಟರೆ ನಿಮ್ಮ ಕಂಪ್ಯೂಟರೇ ಮೂಲವನ್ನು ತರಿಸಿಕೊಂಡು, ಕಂಪೈಲ್ ಮಾಡಿ, ಜೋಡಿಸುತ್ತದೆ. ದೊಡ್ಡ ತಂತ್ರಾಂಶಕ್ಕೆ ಗಂಟೆಗಟ್ಟಲೆ ಬೇಕು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಲ್ಯಾಪ್‌ಟಾಪ್ ಹಂಚಿನಂತೆ ಕಾಯುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ ಕಟ್ಟಬೇಕಾದೀತು. ಆದರೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ. ಕಂಪ್ಯೂಟರಿನ ಒಳಗೆ ಯಾವುದು ಯಾವುದನ್ನು ಆಧರಿಸಿ ನಿಂತಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಒಂದು ಪುಟ್ಟ ಅಲೆಗೆರೆ

ಇಲ್ಲಿ ಪ್ರತಿ ಪ್ಯಾಕೇಜಿಗೂ ಒಂದು ಗುರುತುಪದ ಇರುತ್ತದೆ. ಸಾಮಾನ್ಯ 64 ಬಿಟ್ ಕಂಪ್ಯೂಟರಿಗೆ ಅದು ‘ಎಎಂಡಿ64’. ಈ ಪದ ಬರಿದಾಗಿದ್ದರೆ ಪ್ಯಾಕೇಜು ‘ಸ್ಥಿರ’. ಅದರ ಹಿಂದೆ ಟಿಲ್ಡೆ ಎಂಬ ಅಲೆಯಂಥ ಗೆರೆ ಇದ್ದರೆ ಅದಿನ್ನೂ ‘ಪರೀಕ್ಷೆಯಲ್ಲಿದೆ’ ಎಂದರ್ಥ. ಹೊಸ ಆವೃತ್ತಿ ಸಾಮಾನ್ಯವಾಗಿ 30 ದಿನವಾದರೂ ಈ ಹಂತದಲ್ಲಿರಬೇಕು. ದೊಡ್ಡ ದೂರು ಬರದಿದ್ದರೆ ಮಾತ್ರ ಗೆರೆ ಅಳಿಸುತ್ತಾರೆ. ಇನ್ನು ‘9999’ ಎಂಬ ಆವೃತ್ತಿ ಸಂಖ್ಯೆ ಕಂಡರೆ ಮತ್ತೂ ಎಚ್ಚರ ಬೇಕು. ಅದು ಬರೆಯುವವರ ಮೇಜಿನಿಂದ ನೇರವಾಗಿ, ಆ ಕ್ಷಣದ ಸ್ಥಿತಿಯಲ್ಲಿ ಬರುವ ಸಂಕೇತ.

ಪರೀಕ್ಷೆಯಲ್ಲಿರುವುದನ್ನು ಬಳಸುವುದು ತಪ್ಪೇನಲ್ಲ. ಯಾರೂ ಬಳಸದಿದ್ದರೆ ದೋಷ ಹೊರಬೀಳುವುದಾದರೂ ಹೇಗೆ? ಬಳಸುವ ರೀತಿಯಲ್ಲಿ ಮಾತ್ರ ಅಜಗಜಾಂತರವಿದೆ. ಬೇಕಾದ ಒಂದೇ ಪ್ಯಾಕೇಜಿಗೆ ಅನುಮತಿ ಕೊಡುವುದು ಹೊಲದ ಮೂಲೆಯಲ್ಲಿ ನಾಲ್ಕು ಸಾಲು ಹಾಕಿದಂತೆ. ಒಂದೇ ಸಾಲಿನ ಆಜ್ಞೆಯಿಂದ ಇಡೀ ಯಂತ್ರವನ್ನು ಪರೀಕ್ಷಾ ಹಂತಕ್ಕೆ ತಿರುಗಿಸುವುದು ಹೊಲಕ್ಕೆಲ್ಲ ಅರಿಯದ ಬೀಜ ಚೆಲ್ಲಿದಂತೆ. ಹೋದ ದಾರಿಯಲ್ಲಿ ಹಿಂದಿರುಗುವುದೂ ಸುಲಭವಲ್ಲ. ಬಹುತೇಕ ಎಲ್ಲ ತಂತ್ರಾಂಶಗಳಿಗೂ ಆಧಾರವಾದ ‘ಜಿಲಿಬ್‌ಸಿ’ ಎಂಬ ಗ್ರಂಥಾಲಯವನ್ನು ಒಮ್ಮೆ ಮೇಲೇರಿಸಿದರೆ ಮತ್ತೆ ಕೆಳಗಿಳಿಸಲು ಪೋರ್ಟೇಜ್ ಒಪ್ಪುವುದೇ ಇಲ್ಲ.

ಅರ್ಧ ಸೆಕೆಂಡಿನ ಅನುಮಾನ

ಇದೆಲ್ಲ ಅತಿ ಎಚ್ಚರಿಕೆ ಎನ್ನುವವರು 2024ರ ಮಾರ್ಚ್ ತಿಂಗಳನ್ನು ನೆನೆಯಬೇಕು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಮುಕ್ತ ತಂತ್ರಾಂಶ ಲಿನಕ್ಸ್ ಯಂತ್ರಗಳಲ್ಲೆಲ್ಲ ಕಾಣುವಂಥದ್ದು. ‘ಜಿಯಾ ಟ್ಯಾನ್’ ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಅದಕ್ಕೆ ದುಡಿದು, ನಂಬಿಕೆ ಗಳಿಸಿ, ಉಸ್ತುವಾರಿಯಲ್ಲೇ ಪಾಲು ಪಡೆದರು. ಆಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟರು. ಅಡಗಿಸಿದ್ದು ಎಲ್ಲಿ? ಪರೀಕ್ಷೆಗೆಂದೇ ಇಟ್ಟಿದ್ದ ಕಡತಗಳಲ್ಲಿ!

ಅದನ್ನು ಪತ್ತೆ ಹಚ್ಚಿದ್ದು ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂಬ ಸಣ್ಣ ಅನುಮಾನವನ್ನು ಬೆನ್ನು ಹತ್ತಿ, ಮಾರ್ಚ್ 29ರಂದು ಅವರು ಜಗತ್ತಿಗೆ ಸುದ್ದಿ ಮುಟ್ಟಿಸಿದರು. ಆಗ ಆ ಆವೃತ್ತಿ ಡೆಬಿಯನ್ ಲಿನಕ್ಸಿನ ಪರೀಕ್ಷಾ ಹಂತಗಳನ್ನು ತಲುಪಿತ್ತು. ಅದರ ಸ್ಥಿರ ಆವೃತ್ತಿ ಬಳಸುತ್ತಿದ್ದವರು ಪಾರಾದರು. ಜೆಂಟೂ ಬಳಗವೂ ಅದನ್ನು ತಡೆಹಿಡಿದು ಹಳೆಯ ಆವೃತ್ತಿಗೆ ಮರಳಲು ಸೂಚಿಸಿತು.

ಇಲ್ಲೊಂದು ಸೂಕ್ಷ್ಮವಿದೆ. ಇಳಿಸಿಕೊಂಡ ಕಡತದ ಬೆರಳಚ್ಚನ್ನು ಪೋರ್ಟೇಜ್ ತಾಳೆ ನೋಡುತ್ತದೆ. ದಾರಿಯಲ್ಲಿ ಯಾರೂ ಬದಲಿಸಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಕಡತದ ಒಳಗಿರುವುದು ಒಳ್ಳೆಯದೇ ಎಂಬುದಕ್ಕಲ್ಲ. ಎಕ್ಸ್‌ಝಡ್ ಕಡತ ಹೊರಟಲ್ಲಿಂದಲೇ ಕೆಟ್ಟಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ, ಮೂಲ ತೆರೆದಿದೆ ಎಂದ ಮಾತ್ರಕ್ಕೆ ಯಾರೋ ಓದಿದ್ದಾರೆ ಎಂದೂ ಅಲ್ಲ.

ಕಲಿಯುವವರಿಗೆ ನಾಲ್ಕು ಮಾತು

ಹಾಗೆಂದು ಹೆದರಿ ದೂರ ನಿಲ್ಲಬೇಕಾಗಿಲ್ಲ. ಮೊದಲನೆಯದಾಗಿ, ಪಾಠದ ಕಡತಗಳ ಪ್ರತಿಯೊಂದು ಬೇರೆ ಡಿಸ್ಕಿನಲ್ಲಿರಲಿ. ಎರಡನೆಯದಾಗಿ, ಹೊಸದನ್ನು ಹಾಕುವ ಮುನ್ನ ‘ಪ್ರಿಟೆಂಡ್’ ಆಯ್ಕೆಯಿಂದ ಪಟ್ಟಿ ತೆಗೆದು ನೋಡಿ. ಒಂದನ್ನು ಕೇಳಿದರೆ ಇಪ್ಪತ್ತು ಬದಲಾಗುವುದಾದರೆ ಕೈ ತಡೆಯಿರಿ. ಮೂರನೆಯದಾಗಿ, ಈಗ ಸರಿಯಾಗಿ ನಡೆಯುತ್ತಿರುವ ಆವೃತ್ತಿಯನ್ನು ‘ಕ್ವಿಕ್‌ಪ್ಯಾಕೇಜ್’ ಸಲಕರಣೆಯಿಂದ ಕಟ್ಟಿಟ್ಟುಕೊಂಡರೆ ಹಿಂದಿರುಗಲು ದಾರಿ ಉಳಿದೀತು. ನಾಲ್ಕನೆಯದಾಗಿ, ಸಾಧ್ಯವಾದರೆ ಇಂಥ ಪ್ರಯೋಗಕ್ಕೆ ಹಳೆಯ ಕಂಪ್ಯೂಟರೊಂದನ್ನು, ಇಲ್ಲವೇ ಯಂತ್ರದೊಳಗೇ ಕಟ್ಟಿಕೊಳ್ಳುವ ‘ವರ್ಚುವಲ್’ ಯಂತ್ರವನ್ನು ಬಳಸಿ. ಪರೀಕ್ಷೆ ಹತ್ತಿರ ಬಂದಾಗ ಯಾವುದನ್ನೂ ಬದಲಿಸಬೇಡಿ.

ದೋಷ ಕಂಡರೆ ಬೇಸರಪಟ್ಟು ಸುಮ್ಮನಾಗಬಾರದು. ಯಾವ ಆವೃತ್ತಿ, ಏನು ಮಾಡಿದಾಗ, ಯಾವ ಸಂದೇಶ ಬಂತು ಎಂದು ಬರೆದು ಜೆಂಟೂ ಬಳಗಕ್ಕೆ ದೂರು ಕಳಿಸಬಹುದು. ಕಮಲಾಪುರದ ಮನೆಯಿಂದ ಹೋದ ಒಂದು ಸ್ಪಷ್ಟ ದೂರು ಬೇರೆ ದೇಶದ ಅಪರಿಚಿತನ ಯಂತ್ರವನ್ನು ಉಳಿಸೀತು. ‘ಸ್ಥಿರ’ ಎಂಬ ಮಾತಿನ ಹಿಂದೆ ಇರುವುದು ಇಂಥ ನೂರಾರು ಜನರ ಶ್ರಮವೇ.

ಪಾಲಕರಿಗೂ ಒಂದು ಮಾತು. ಕಪ್ಪು ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತ ಮಗ ಅಥವಾ ಮಗಳು ಆಟವಾಡುತ್ತಿದ್ದಾರೆಂದು ತಿಳಿದು ಗದರಬೇಡಿ. ‘ಇದನ್ನು ಯಾರು ಪರೀಕ್ಷಿಸಿದ್ದಾರೆ? ಕೆಟ್ಟರೆ ಹಿಂದಿರುಗುವ ದಾರಿ ಯಾವುದು?’ ಎಂದು ಎರಡೇ ಪ್ರಶ್ನೆ ಕೇಳಿ. ಕಂಪ್ಯೂಟರಿನ ಗಂಧ ಇಲ್ಲದಿದ್ದರೂ ತೊಗರಿ ಬಿತ್ತಿದ, ಬಾಳೆ ನೆಟ್ಟ ಅಪ್ಪ ಅವ್ವಂದಿರಿಗೆ ಈ ಪ್ರಶ್ನೆಗಳು ಹೊಸವಲ್ಲ.