ಕೆರೆಗೆ ನೀರು ಬರುವ ದಾರಿಯನ್ನು ಮಕ್ಕಳು ಅಳೆಯಲಿ

ಮಳೆ ಚೆನ್ನಾಗಿ ಬಿದ್ದರೂ ಕೆರೆ ಕೋಡಿ ಬೀಳಲಿಲ್ಲವೆಂಬ ಮಾತು ನಿಮ್ಮೂರಿನಲ್ಲೂ ಕೇಳಿಬಂದಿರಬಹುದು. ಬಿದ್ದ ನೀರು ಎಲ್ಲಿ ಹೋಯಿತು? ಇದನ್ನು ಹುಡುಕುವ ಕೆಲಸವನ್ನು ಊರಿನ ಶಾಲೆಯ ಮಕ್ಕಳಿಗೆ ಒಪ್ಪಿಸಿ ನೋಡಿ. ಅವರಿಗೆ ಪಾಠವಾಗುತ್ತದೆ, ಊರಿಗೆ ಉಪಕಾರವಾಗುತ್ತದೆ.

ಕೋಲಾರದಂಥ ಬಯಲುಸೀಮೆಯಲ್ಲಿ ಕೆರೆಗಳು ಸರಪಣಿಯಂತಿವೆ. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಬರಬೇಕು. ನಡುವೆ ರಾಜಕಾಲುವೆ ಒಂದು ಕಡೆ ಮುಚ್ಚಿಹೋದರೂ ಕೆಳಗಿನ ಅಚ್ಚುಕಟ್ಟು ಒಣಗುತ್ತದೆ.

ನಕ್ಷೆ: ಬೇಸಿಗೆಯಲ್ಲಿ ಉಪಾಧ್ಯಾಯರೊಡನೆ ಮಕ್ಕಳು ಕಾಲುವೆಯ ಗುಂಟ ನಡೆಯಲಿ. ಹೂಳು, ಜಾಲಿ, ಕಸ, ಒಡೆದ ದಂಡೆ ಕಂಡಲ್ಲಿ ಗುರುತು ಹಾಕಲಿ. ಬಳಿಕ ಅದನ್ನು ಸರ್ವೆಯ ಗ್ರಾಮ ನಕ್ಷೆಯೊಡನೆ ಹೋಲಿಸಲಿ.

ಮಳೆ: ಚಪ್ಪಟೆ ತಳದ, ನೆಟ್ಟಗಿನ ಡಬ್ಬಿಯನ್ನು ಬಯಲಿನಲ್ಲಿಟ್ಟು ದಿನವೂ ಬೆಳಿಗ್ಗೆ ಅಳತೆಪಟ್ಟಿಯಿಂದ ನೀರಿನ ಎತ್ತರ ಅಳೆಯಬೇಕು. ಒಂದು ಎಕರೆಯ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು ಬಿದ್ದಂತೆ.

ಹರಿವು: ಸಣ್ಣ ಕಾಲುವೆಯ ದಂಡೆಯಲ್ಲಿ 10 ಮೀಟರ್ ಅಂತರಕ್ಕೆ ಎರಡು ಗೂಟ ನೆಡಿ. ನೀರಿಗೆ ಒಣಗಿದ ಎಲೆ ಹಾಕಿ, ಅದು ತೇಲಿ ದಾಟಲು ಎಷ್ಟು ಸೆಕೆಂಡ್ ಬೇಕೆಂದು ಎಣಿಸಿ. 20 ಸೆಕೆಂಡ್ ಹಿಡಿದರೆ ವೇಗ ಸೆಕೆಂಡಿಗೆ ಅರ್ಧ ಮೀಟರ್. ಕಾಲುವೆಯ ಅಗಲ 1 ಮೀಟರ್, ನೀರಿನ ಆಳ 20 ಸೆಂಟಿಮೀಟರ್ ಇದ್ದರೆ ಲೆಕ್ಕಕ್ಕೆ ಸೆಕೆಂಡಿಗೆ 100 ಲೀಟರ್ ಬರುತ್ತದೆ. ಮೇಲ್ಮೈಯ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ 85 ಲೀಟರ್ ಎಂದು ಹಿಡಿಯಿರಿ. ಅದೇ ದಿನ ಮೇಲೊಂದು, ಕೆಳಗೊಂದು ಕಡೆ ಅಳೆಯಿರಿ. ಕೆಳಗೆ ಬಹಳ ಕಡಿಮೆ ಬಂದರೆ ನಡುವೆ ಎಲ್ಲೋ ನೀರು ಪೋಲಾಗುತ್ತಿದೆಯೆಂದು ತಿಳಿಯಬೇಕು.

ಹೂಳು: ಬದು ಹಾಕಿದ ಹೊಲದಿಂದ ಬಂದ ನೀರನ್ನೂ ಬದುವಿಲ್ಲದ ಹೊಲದಿಂದ ಬಂದ ನೀರನ್ನೂ ಎರಡು ಗಾಜಿನ ಸೀಸೆಗಳಲ್ಲಿ ತುಂಬಿ ರಾತ್ರಿಯಿಡೀ ಬಿಡಿ. ತಳದಲ್ಲಿ ಕೂತ ಮಣ್ಣನ್ನು ಬೆಳಿಗ್ಗೆ ಹೋಲಿಸಿ. ಅದು ನಿಮ್ಮ ಹೊಲದ ಸಾರವುಳ್ಳ ಮೇಲ್ಮಣ್ಣು. ಹೊಲಕ್ಕೆ ನಷ್ಟ, ಕೆರೆಗೆ ಹೂಳು.

ಎಚ್ಚರಿಕೆ: ಮಳೆ ಸುರಿಯುವಾಗ, ಕಾಲುವೆ ತುಂಬಿ ಹರಿಯುವಾಗ ಮಕ್ಕಳನ್ನು ಕಳುಹಿಸಬೇಡಿ. ತೂಬು, ಕೋಡಿಗಳ ಬಳಿಗೆ ಬಿಡಬೇಡಿ. ಈಜು ಬಲ್ಲ ಹಿರಿಯರಿಬ್ಬರು ಜೊತೆಗಿರಲಿ. ಕೆಲಸ ಮುಗಿದ ಮೇಲೆ ಕೈಕಾಲು ಸೋಪಿನಿಂದ ತೊಳೆಯಲಿ.

ನಿಮ್ಮ ಪಾಲಿನ ಕೆಲಸವೂ ಇದೆ. ಹಳೆಯ ನೀರುಗಂಟಿಗಳಿದ್ದರೆ ಅವರನ್ನು ಮಕ್ಕಳ ಜೊತೆ ನಡೆಸಿ. ಕಾಲುವೆಯ ತಿರುವುಗಳು ಅವರಿಗೆ ಗೊತ್ತು. ಹುಡುಕುತ್ತ ಹೋದ ಮಕ್ಕಳು, ನಕ್ಷೆಯಲ್ಲಿರುವ ಕಾಲುವೆ ನೆಲದಲ್ಲಿ ಕಾಣದೆ ನಿಮ್ಮ ಬದುವಿನ ಬಳಿಯೇ ಬಂದು ನಿಂತರೆ ಗದರಬೇಡಿ. ಅವರು ಬರೆದ ನಕ್ಷೆಯನ್ನು ವಾಚನಾಲಯದ ಗೋಡೆಗೆ ತೂಗುಹಾಕಿ, ಗ್ರಾಮಸಭೆಯ ಮುಂದಿಡಿ. ಮುಂಗಾರಿಗೆ ಮೊದಲು ಗುರುತು ಹಾಕಿದ ಒಂದು ತಡೆಯನ್ನಾದರೂ ತೆಗೆಯಿರಿ. ಮಳೆ ಬಂದಾಗ ಮಕ್ಕಳು ಮತ್ತೆ ಅಳೆದು ಫಲವನ್ನು ತಿಳಿಸುತ್ತಾರೆ.