ಅರಮನೆಯ ಹೆಬ್ಬೆರಳು, ಹಳ್ಳಿಯ ಮೊಣಕೈ

ಬ್ಯಾಂಕಾಕ್‌ನ ವಾಟ್ ಪೋ ದೇವಾಲಯಕ್ಕೆ ಹೋದವರು 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ಕಣ್ತುಂಬಿಕೊಂಡು ಹೊರಡುತ್ತಾರೆ. ಅದೇ ಆವರಣದ ಮಂಟಪದಲ್ಲಿರುವ ಕಲ್ಲಿನ ಫಲಕಗಳತ್ತ ತಿರುಗುವವರು ಕಡಿಮೆ. ಥಾಯ್ ಮಸಾಜ್‌ನ ಕಥೆ ಇರುವುದು ಆ ಫಲಕಗಳಲ್ಲೇ. ಮನುಷ್ಯಾಕೃತಿಯ ಎದೆ, ಬೆನ್ನು, ಕಾಲುಗಳ ಮೇಲೆಲ್ಲ ಗೆರೆಗಳು, ಗೆರೆಗುಂಟ ಚುಕ್ಕಿಗಳು, ಎಲ್ಲಿ ಒತ್ತಿದರೆ ಯಾವ ನೋವು ಇಳಿಯುತ್ತದೆ ಎಂಬ ವಿವರ ಪಕ್ಕದಲ್ಲೇ.

1767ರಲ್ಲಿ ಬರ್ಮಾದ ಸೈನ್ಯ ರಾಜಧಾನಿ ಅಯುತ್ಥಯಾವನ್ನು ಹಾಳುಗೆಡವಿದಾಗ ವೈದ್ಯದ ಹಸ್ತಪ್ರತಿಗಳೂ ನಾಶವಾದವು. ಅಳಿದುಳಿದದ್ದನ್ನು ಒಟ್ಟುಗೂಡಿಸಿ 1830ರ ದಶಕದಲ್ಲಿ ಕಲ್ಲಿಗೆ ಕೆತ್ತಿಸಿದವನು ರಾಜ ಮೂರನೆಯ ರಾಮ. ಮಸಾಜ್‌ಗೆಂದೇ 60 ಫಲಕಗಳು. ಗುರುವಿನ ಮನೆಯೊಳಗಿದ್ದ ವಿದ್ಯೆಯನ್ನು ದಾರಿಹೋಕರೂ ಓದುವಂತೆ ಬಯಲಿಗಿಟ್ಟದ್ದು ನನ್ನ ಮಟ್ಟಿಗೆ ಅವನ ದೊಡ್ಡ ಕೆಲಸ. ಮುಖ್ಯ ಗೆರೆಗಳು ಹತ್ತು. ಅವುಗಳಲ್ಲಿ ಮೂರು ನಮ್ಮ ಯೋಗದ ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳ ಹತ್ತಿರದ ಸಂಬಂಧಿಗಳು. ಮಸಾಜ್ ಮಾಡುವವರು ಇಂದಿಗೂ ಮೊದಲು ಕೈಮುಗಿಯುವುದು ಬುದ್ಧನ ಕಾಲದ ಮಗಧದ ವೈದ್ಯ ಜೀವಕನಿಗೆ.

ಗೆರೆ ಒಂದೇ ಆದರೂ ಒತ್ತುವ ಬಗೆ ಎರಡಾಯಿತು. ಅರಮನೆಯಲ್ಲಿ ರಾಜನ ಮೈಗೆ ಕಾಲು ತಾಗುವಂತಿಲ್ಲ. ವೈದ್ಯ ಮಂಡಿಯೂರಿ, ಅಂತರ ಕಾಯ್ದುಕೊಂಡು, ತೋಳು ನೇರ ಚಾಚಿ, ಹೆಬ್ಬೆರಳು ಮತ್ತು ಅಂಗೈಯಿಂದಲೇ ಒತ್ತಬೇಕು. ಹಳ್ಳಿಯಲ್ಲಿ ಗದ್ದೆ ಕೆಲಸದಿಂದ ಬಂದವರ ಬೆನ್ನಿಗೆ ಅಷ್ಟು ಸಾಲದು. ಅಲ್ಲಿ ಮೊಣಕೈ, ಮಂಡಿ, ಅಂಗಾಲು ಎಲ್ಲವೂ ಬಂದವು. ಮೈ ಎಳೆದು, ತಿರುಚಿ, ಬಾಗಿಸುವುದೂ ಸೇರಿತು. ಉತ್ತರದ ಚಿಯಾಂಗ್ ಮಾಯ್ ಕಡೆ ಮರದ ಸುತ್ತಿಗೆಯಿಂದ ಗೆರೆಗುಂಟ ಮೆಲ್ಲನೆ ತಟ್ಟುವ ಟೋಕ್ ಸೆನ್ ಉಳಿದುಕೊಂಡಿದೆ.

ಎರಡರಲ್ಲೂ ಎಣ್ಣೆ ಇಲ್ಲ. ಸಡಿಲ ಬಟ್ಟೆ ತೊಟ್ಟು ನೆಲದ ಹಾಸಿಗೆಯ ಮೇಲೆ ಮಲಗಿದರಾಯಿತು. ಎಣ್ಣೆಯ ಮಸಾಜ್ ಪಟ್ಟಿಗೆ ಸೇರಿದ್ದು ಪ್ರವಾಸಿಗರ ಸ್ಪಾಗಳ ಜೊತೆಗೆ. ಅರಿಸಿನ, ನಿಂಬೆಹುಲ್ಲು, ಕರ್ಪೂರ ಕಟ್ಟಿದ ಗಂಟನ್ನು ಹಬೆಯಲ್ಲಿ ಕಾಯಿಸಿ ಶಾಖ ಕೊಡುವುದು ಮಾತ್ರ ಹಳೆಯ ಮದ್ದೇ.

1955ರಲ್ಲಿ ವಾಟ್ ಪೋದಲ್ಲೇ ವೈದ್ಯಶಾಲೆ ತೆರೆಯಿತು. 2019ರಲ್ಲಿ ಯುನೆಸ್ಕೊ ನುವಾದ್ ಥಾಯ್ ಅನ್ನು, ಅಂದರೆ ಥಾಯ್ ಮಸಾಜ್ ಅನ್ನು, ಪರಂಪರೆಯ ಪಟ್ಟಿಗೆ ಸೇರಿಸಿತು. ನಾನಂತೂ ಮೊದಲ ಸಲ ಹೋಗುವವರಿಗೆ, ವಯಸ್ಸಾದವರಿಗೆ ಹೆಬ್ಬೆರಳಿನ ಪದ್ಧತಿಯನ್ನೇ ಹೇಳುತ್ತೇನೆ. ಮೈ ಬಗ್ಗಿಸಿ ರೂಢಿ ಇರುವವರು ಹಳ್ಳಿಯ ಪದ್ಧತಿ ಕೇಳಲಿ. ಮೂಳೆ ಸವೆತ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಎರಡಕ್ಕೂ ಹೋಗಬಾರದು. ಥಾಯ್ಲೆಂಡ್‌ನಲ್ಲಿ 2016ರ ಕಾಯ್ದೆಯಂತೆ ಮಸಾಜ್ ಮಾಡುವವರು ಸರ್ಕಾರದಲ್ಲಿ ನೋಂದಾಯಿಸಿರಲೇಬೇಕು. ಆ ಪತ್ರ ತೋರಿಸಿ ಎಂದು ಕೇಳಲು ಸಂಕೋಚ ಬೇಡ.