ಜಾಲಸಂಚಯಗಳ ಪರಸ್ಪರ ವಿನಿಯೋಗ

ದೂರದೇಶದ ಸರ್ವರೊಂದರಲ್ಲಿರುವ ಜಾಲಪುಟವನ್ನು ವಿದ್ಯಾಶಾಲೆಯೊಂದರ ಓದುಗನು ತರಿಸಿಕೊಂಡನೆನ್ನೋಣ. ಗಳಿಗೆ ಕಳೆಯುವುದರೊಳಗೆ ಪಕ್ಕದ ಕೊಠಡಿಯವನೂ ಅದೇ ಪುಟವನ್ನು ಕೇಳಿದರೆ, ಅವೇ ಅಕ್ಷರಗಳು ಸಮುದ್ರವನ್ನು ಎರಡನೆಯ ಸಲ ದಾಟಿ ಬರಬೇಕಾಗುವುದು. ಈ ವ್ಯರ್ಥಶ್ರಮವನ್ನು ತಪ್ಪಿಸುವುದಕ್ಕಾಗಿ, ಓದುಗರಿಗೂ ಹೊರಜಗತ್ತಿಗೂ ನಡುವೆ ನಿಂತ ಪ್ರಾಕ್ಸಿ ಸರ್ವರು ತಾನು ತರಿಸಿಕೊಟ್ಟ ಪುಟದ ಪ್ರತಿಯೊಂದನ್ನು ತನ್ನಲ್ಲಿಯೇ ಇಟ್ಟುಕೊಳ್ಳುವ ಪದ್ಧತಿಯು ಬಂದಿತು. 1994ರಲ್ಲಿ ಜಿನೀವಾದಲ್ಲಿ ನಡೆದ ಮೊದಲನೆಯ ವರ್ಲ್ಡ್ ವೈಡ್ ವೆಬ್ ಸಮ್ಮೇಳನದಲ್ಲಿ ಆರಿ ಲುವೊಟೊನೆನ್, ಕೆವಿನ್ ಆಲ್ಟಿಸ್ ಎಂಬಿಬ್ಬರು ಇದನ್ನು ವಿವರಿಸಿದರು. ಹೀಗೆ ಕೂಡಿಟ್ಟ ಪ್ರತಿಗಳ ರಾಶಿಗೆ ಕ್ಯಾಶ್ ಎಂದು ಹೆಸರು. ‘ಅಡಗಿಸಿಡು’ ಎಂಬರ್ಥದ ಫ್ರೆಂಚ್ ಕ್ರಿಯಾಪದದಿಂದ ಹುಟ್ಟಿದ ಈ ಶಬ್ದಕ್ಕೂ ರೊಕ್ಕವೆಂಬರ್ಥದ ಇಂಗ್ಲಿಷ್ ಶಬ್ದಕ್ಕೂ ಉಚ್ಚಾರಣೆಯ ಸಾಮ್ಯದ ಹೊರತು ಬೇರೆ ನಂಟಿಲ್ಲ. ಗೊಂದಲ ಬೇಡವೆಂದು ಇಲ್ಲಿ ‘ಸಂಚಯ’ವೆಂಬ ಮಾತನ್ನೇ ಬಳಸಿದೆ.

ಒಂದು ಸಂಸ್ಥೆಗೆ ಒಂದು ಸಂಚಯವಿದ್ದರೆ ವಿಷಯವು ಸರಳ. ಒಂದೇ ಜಾಲದಲ್ಲಿ ಹತ್ತು ಸಂಸ್ಥೆಗಳಿದ್ದು ಪ್ರತಿಯೊಂದಕ್ಕೂ ತನ್ನದೇ ಪ್ರಾಕ್ಸಿಯಿದ್ದಾಗ, ಒಬ್ಬರಲ್ಲಿರುವ ಪ್ರತಿಯು ಉಳಿದವರಿಗೇಕೆ ಒದಗಬಾರದೆಂಬ ಪ್ರಶ್ನೆ ಏಳುವುದು. ಪ್ರತಿಯನ್ನು ಕೊಡುವುದು ಕಷ್ಟವಲ್ಲ. ಅದು ಯಾರಲ್ಲಿದೆಯೆಂದು ಅರಿಯುವುದೇ ಕಷ್ಟ. ಗ್ರಂಥಭಂಡಾರಗಳ ಪಾಲಕರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಅಲ್ಲಿ ಸೂಚೀಪತ್ರವು ವರ್ಷಕ್ಕೊಮ್ಮೆ ಬದಲಾದರೆ, ಇಲ್ಲಿ ಭಂಡಾರವು ಕ್ಷಣಕ್ಷಣಕ್ಕೂ ಬದಲಾಗುತ್ತಿರುವುದು.

ಮೊದಲು ಹೊಳೆದ ಉಪಾಯವು ಕೇಳಿ ತಿಳಿಯುವುದು. ಅಮೆರಿಕದಲ್ಲಿ ಕೊಲರಾಡೊ ಹಾಗೂ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ನಡೆಸಿದ ಹಾರ್ವೆಸ್ಟ್ ಎಂಬ ಯೋಜನೆಯಲ್ಲಿ ಇದು ರೂಪುಗೊಂಡಿತು. ಅದರ ಸಂಚಯಭಾಗದಿಂದಲೇ 1996ರಲ್ಲಿ ಡ್ಯುಯೇನ್ ವೆಸೆಲ್ಸ್ ಅವರ ಸ್ಕ್ವಿಡ್ ಎಂಬ ಪ್ರಾಕ್ಸಿಯು ಬೆಳೆಯಿತು. ಪ್ರಶ್ನೋತ್ತರದ ನಿಯಮಗಳು ಐಸಿಪಿ ಎಂಬ ಹೆಸರಿನಿಂದ 1997ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 2186 ಹಾಗೂ 2187 ಎಂಬ ಎರಡು ಪತ್ರಗಳಾಗಿ ಪ್ರಕಟವಾದವು. ತನ್ನಲ್ಲಿ ಇಲ್ಲದ ಪುಟಕ್ಕೆ ಕೋರಿಕೆ ಬಂದೊಡನೆ ಪ್ರಾಕ್ಸಿಯು ನೆರೆಯ ಪ್ರಾಕ್ಸಿಗಳಿಗೆಲ್ಲ ಪುಟದ ವಿಳಾಸವನ್ನು ಹೊತ್ತ ಒಂದು ಕಿರುಸಂದೇಶವನ್ನು ಕಳುಹಿಸುವುದು. ಅವು ‘ಉಂಟು’ ಎಂದೋ ‘ಇಲ್ಲ’ ಎಂದೋ ಉತ್ತರಿಸುವುವು. ಮೊದಲು ‘ಉಂಟು’ ಎಂದುದರಿಂದ ಪುಟವನ್ನು ತರಿಸಿಕೊಳ್ಳುವುದು. ನೆರೆಯವರಲ್ಲಿ ಎರಡು ಬಗೆ. ಸೋದರ ಪ್ರಾಕ್ಸಿಯು ತನ್ನಲ್ಲಿದ್ದುದನ್ನು ಮಾತ್ರ ಕೊಡುವುದು. ಹಿರಿಯ ಪ್ರಾಕ್ಸಿಯು ತನ್ನಲ್ಲಿಲ್ಲದಿದ್ದರೂ ಮೂಲದಿಂದ ತರಿಸಿ ಕೊಡುವುದು. ಈ ಕ್ರಮದಲ್ಲಿಯೇ ಅಮೆರಿಕದ ಎನ್‌ಎಲ್‌ಎಎನ್‌ಆರ್ ಸಂಸ್ಥೆಯು ಶ್ರೇಣಿಯಾಗಿ ಸಂಚಯಗಳನ್ನು ಕಟ್ಟಿತು. ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳ ಜಾನೆಟ್ ಎಂಬ ಜಾಲವೂ, ಅಟ್ಲಾಂಟಿಕ್ ದಾಟುವ ತಂತಿಯ ಹೊರೆಯನ್ನು ಇಳಿಸುವುದಕ್ಕಾಗಿ, ರಾಷ್ಟ್ರೀಯ ಸಂಚಯವೊಂದನ್ನು ಹಲವು ವರ್ಷ ನಡೆಸಿತು.

ಈ ಉಪಾಯದ ದೋಷವು ಅದರ ಗುಣದಲ್ಲಿಯೇ ಇದೆ. ಹತ್ತು ಪ್ರಾಕ್ಸಿಗಳಿದ್ದರೆ ಒಂದು ಪುಟಕ್ಕೆ ಒಂಬತ್ತು ಪ್ರಶ್ನೆ, ಒಂಬತ್ತು ಉತ್ತರ. ಯಾರಲ್ಲಿಯೂ ಇಲ್ಲದ ಪುಟವಾದರೆ ಎಲ್ಲರ ‘ಇಲ್ಲ’ವೂ ಬರುವವರೆಗೆ, ಇಲ್ಲವೇ ಗೊತ್ತುಪಡಿಸಿದ ಕಾಲವು ಮೀರುವವರೆಗೆ, ಓದುಗನು ಕಾದಿರಬೇಕು. ಎಂದರೆ ನೆರೆಹೊರೆಯು ದೊಡ್ಡದಾದಷ್ಟೂ ಅಪರೂಪದ ಪುಟವನ್ನು ಬಯಸುವವನಿಗೆ ತಡ. ಅಲ್ಲದೆ ಓದುಗನು ಏನನ್ನು ಕೇಳಿದನೆಂಬುದು ನೆರೆಯ ಸಂಸ್ಥೆಗಳಿಗೆಲ್ಲ ತಿಳಿದುಹೋಗುವುದು. ಆ ಕಾಲದಲ್ಲಿ ಇದನ್ನು ಸಲ್ಲಬೇಕಾದಷ್ಟು ಗಂಭೀರವಾಗಿ ಎಣಿಸಲಿಲ್ಲವೆಂದೇ ಹೇಳಬೇಕು. ಮತ್ತೊಂದು ತೊಡಕು ಸೂಕ್ಷ್ಮವಾದುದು. ಪ್ರಶ್ನೆಯಲ್ಲಿ ವಿಳಾಸ ಮಾತ್ರ ಇರುವುದರಿಂದ, ನೆರೆಯವರು ‘ಉಂಟು’ ಎಂದ ಪ್ರತಿಯು ಕೇಳಿದವನ ಅಗತ್ಯಕ್ಕೆ ಹಳಸಿದುದಾಗಿರಬಹುದು. ಓಲೆಗರಿಗಳ ಪಾಠಾಂತರಗಳೊಡನೆ ಹೆಣಗುವ ಗ್ರಂಥಸಂಪಾದಕರಿಗೆ ಇದು ಪರಿಚಿತವಾದ ಸಂಕಟವೆಂದು ತೋರಬಹುದು. ಆದರೆ ಅಲ್ಲಿ ಮೂಲವು ಸ್ಥಿರ, ಪ್ರತಿಗಳು ಕೆಡುವುವು. ಇಲ್ಲಿ ಪ್ರತಿಯು ಯಥಾವತ್ತಾಗಿದ್ದು ಮೂಲವೇ ಅದನ್ನು ಬಿಟ್ಟು ಮುಂದೆ ಸಾಗುವುದು.

ಎರಡನೆಯ ಉಪಾಯವು ಸೂಚೀಪತ್ರದ್ದು. 1998ರಲ್ಲಿ ಫ್ಯಾನ್, ಕಾವ್, ಅಲ್ಮೇಡಾ, ಬ್ರೋಡರ್ ಎಂಬವರೂ, ಬೇರೆಯಾಗಿ ರೂಸ್ಕೋವ್ ಮತ್ತು ವೆಸೆಲ್ಸ್ ಅವರೂ ಇದನ್ನು ಮುಂದಿಟ್ಟರು. ಇದರ ಬೀಜವು 1970ರಲ್ಲಿ ಬರ್ಟನ್ ಬ್ಲೂಮ್ ಸೂಚಿಸಿದ ಯುಕ್ತಿ. ಸೊನ್ನೆಗಳ ಒಂದು ದೀರ್ಘವಾದ ಸಾಲನ್ನು ಭಾವಿಸಿಕೊಳ್ಳಬೇಕು. ಸಂಚಯದಲ್ಲಿರುವ ಪ್ರತಿಯೊಂದು ವಿಳಾಸದ ಮೇಲೆಯೂ ನಿಯತವಾದ ಗಣಿತಕ್ರಿಯೆಯನ್ನು ನಡೆಸಿದರೆ ಆ ಸಾಲಿನ ನಾಲ್ಕು ಸ್ಥಾನಗಳು ದೊರೆಯುವುವು. ಅಲ್ಲಿ ಸೊನ್ನೆಯನ್ನು ಒಂದಾಗಿ ಮಾಡುವುದು. ಮುಂದೆ ಯಾವುದಾದರೂ ವಿಳಾಸವನ್ನು ಪರೀಕ್ಷಿಸುವಾಗ ಅದರ ನಾಲ್ಕು ಸ್ಥಾನಗಳಲ್ಲಿ ಒಂದಾದರೂ ಸೊನ್ನೆಯಾಗಿದ್ದರೆ ಆ ಪುಟವು ಇಲ್ಲವೆಂಬುದು ಖಂಡಿತ. ನಾಲ್ಕೂ ಒಂದಾಗಿದ್ದರೆ ಇರಬಹುದು. ಅನ್ಯ ವಿಳಾಸಗಳಿಂದ ಆ ಸ್ಥಾನಗಳು ತುಂಬಿರುವ ಸಂಭವವೂ ಉಂಟು. ಸ್ಕ್ವಿಡ್ಡಿನಲ್ಲಿ ಪುಟವೊಂದಕ್ಕೆ ಸಾಮಾನ್ಯವಾಗಿ 5 ಬಿಟ್‌ಗಳು. ಆದುದರಿಂದ 10 ಲಕ್ಷ ಪುಟಗಳ ಪಟ್ಟಿಯು 50 ಲಕ್ಷ ಬಿಟ್, ಎಂದರೆ 6,25,000 ಬೈಟ್‌ಗಳಲ್ಲಿ ಅಡಗುವುದು. ವಿಳಾಸಗಳನ್ನೇ ಬರೆದಿಟ್ಟರೆ ಇದರ ಹಲವು ಪಟ್ಟು ಬೇಕಾದೀತು. ನೆರೆಯವರು ಈ ಸಾರಪತ್ರವನ್ನು ಆಗಾಗ ವಿನಿಮಯ ಮಾಡಿಕೊಂಡರೆ ಪುಟಪುಟಕ್ಕೂ ಪ್ರಶ್ನೆ ಕೇಳಬೇಕಾಗಿಲ್ಲ. ಆದರೆ ಗಂಟೆಗೊಮ್ಮೆ ಹೊಸದಾಗುವ ಪಟ್ಟಿಯು ಆ ಗಂಟೆಯೊಳಗಿನ ಬದಲಾವಣೆಗಳನ್ನು ಅರಿಯದು.

ಮೂರನೆಯದರಲ್ಲಿ ಕೇಳುವುದೂ ಇಲ್ಲ, ಪಟ್ಟಿಯೂ ಇಲ್ಲ. ಯಾವ ಪುಟವು ಯಾರಲ್ಲಿರತಕ್ಕದ್ದೆಂಬುದನ್ನು ಲೆಕ್ಕದಿಂದಲೇ ನಿರ್ಧರಿಸುವುದು. ವಿಳಾಸದಿಂದ ಒಂದು ಸಂಖ್ಯೆಯನ್ನು ಪಡೆದು, ಪ್ರಾಕ್ಸಿಗಳ ಎಣಿಕೆಯಿಂದ ಭಾಗಿಸಿ, ಉಳಿದ ಶೇಷದಂತೆ ಹಂಚಬಹುದು. ಆದರೆ ನಾಲ್ಕು ಪ್ರಾಕ್ಸಿಗಳಿದ್ದೆಡೆ ಐದನೆಯದು ಬಂದರೆ ಐದರಲ್ಲಿ ನಾಲ್ಕು ಪಾಲು ಪುಟಗಳು ಸ್ಥಾನಪಲ್ಲಟವಾಗಿ ಸಂಚಯವೆಲ್ಲವೂ ನಿರುಪಯೋಗವಾದಂತೆಯೇ. 1998ರಲ್ಲಿ ವಲ್ಲೋಪಿಳ್ಳಿಲ್ ಮತ್ತು ರಾಸ್ ಅವರು ಕರಡಾಗಿ ಪ್ರಕಟಿಸಿದ ಕಾರ್ಪ್ ಎಂಬ ಕ್ರಮದಲ್ಲಿ, ವಿಳಾಸವನ್ನು ಪ್ರತಿಯೊಂದು ಪ್ರಾಕ್ಸಿಯ ಹೆಸರಿನೊಡನೆಯೂ ಕೂಡಿಸಿ ಅಂಕವನ್ನು ಗಣಿಸುವರು. ಹೆಚ್ಚು ಅಂಕ ಪಡೆದುದೇ ಆ ಪುಟಕ್ಕೆ ಒಡೆಯ. ಐದನೆಯದು ಸೇರಿದಾಗ, ಅದು ಗೆದ್ದ ಐದರಲ್ಲೊಂದು ಪಾಲು ಮಾತ್ರ ಸ್ಥಳ ಬದಲಿಸುವುದು. ಒಂದೇ ಪುಟಕ್ಕೆ ಎರಡು ಪ್ರತಿಗಳಿರುವ ದುಂದೂ ತಪ್ಪುವುದು. ಇದು ಒಂದೇ ಆಡಳಿತದ ಕೆಳಗಿರುವ ಪ್ರಾಕ್ಸಿಗಳಿಗೆ ಒಪ್ಪುವ ಕ್ರಮ. ಸ್ವತಂತ್ರ ಸಂಸ್ಥೆಗಳು ಇನ್ನೊಬ್ಬರ ಪಾಲಿನ ಹೊರೆಯನ್ನು ಹೀಗೆ ಹೊರಲು ಒಪ್ಪುವುದು ಅಪೂರ್ವ.

ಇಷ್ಟೆಲ್ಲ ಯುಕ್ತಿಗಳಿಂದ ದೊರೆತ ಲಾಭವೆಷ್ಟು? ಇಲ್ಲಿ ಭಾಷಾಶಾಸ್ತ್ರದ ಒಂದು ತತ್ತ್ವವು ಅನಿರೀಕ್ಷಿತವಾಗಿ ಅಡ್ಡಬರುವುದು. ಯಾವುದೇ ದೊಡ್ಡ ಗ್ರಂಥದಲ್ಲಿ ಕೆಲವೇ ಪದಗಳು ಮತ್ತೆ ಮತ್ತೆ ಬರುವುವು, ಬಹುಸಂಖ್ಯೆಯ ಪದಗಳು ಒಂದೆರಡು ಸಲ ಮಾತ್ರ ಬರುವುವು ಎಂಬುದನ್ನು ಜಿಪ್ಫ್ ಎಂಬ ವಿದ್ವಾಂಸನು ನಿಯಮವಾಗಿ ನಿರೂಪಿಸಿದನು. ಜಾಲಪುಟಗಳ ಕೋರಿಕೆಗಳೂ ಬಹುಮಟ್ಟಿಗೆ ಇದೇ ಬಗೆಯಲ್ಲಿ ಹರಡಿರುವುವೆಂದು 1999ರಲ್ಲಿ ಬ್ರೆಸ್ಲಾವ್ ಮೊದಲಾದವರು ತೋರಿಸಿದರು. ಎಲ್ಲರೂ ಕೇಳುವ ಪುಟಗಳು ಚಿಕ್ಕ ಸಂಚಯದಲ್ಲಿಯೇ ದೊರೆಯುವುವು. ಒಬ್ಬನೇ ಕೇಳುವ ಪುಟವು ಎಷ್ಟು ನೆರೆಯವರಿದ್ದರೂ ದೊರೆಯದು. ಅದೇ ವರ್ಷ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ವೋಲ್ಮನ್ ಮತ್ತು ಸಂಗಡಿಗರು ತಮ್ಮ ವಿಶ್ವವಿದ್ಯಾನಿಲಯದ ಹಾಗೂ ಮೈಕ್ರೋಸಾಫ್ಟ್ ಕಂಪೆನಿಯ ಕೋರಿಕೆಗಳನ್ನು ಪರಿಶೀಲಿಸಿ, ಸಣ್ಣ ಸಮುದಾಯಗಳು ಕೂಡುವುದರಿಂದ ಪ್ರಯೋಜನವುಂಟೆಂದೂ, ಒಂದು ಮಿತಿಯನ್ನು ದಾಟಿದ ಮೇಲೆ ಕೂಟವನ್ನು ಹಿಗ್ಗಿಸಿ ಫಲವಿಲ್ಲವೆಂದೂ ತೀರ್ಮಾನಿಸಿದರು. ದೇಶವ್ಯಾಪಿಯಾದ ಶ್ರೇಣಿಗಳನ್ನು ಕಟ್ಟುವವರ ಉತ್ಸಾಹಕ್ಕೆ ಇದಕ್ಕಿಂತ ಬಲವಾದ ಆಕ್ಷೇಪವು ಬೇರೊಂದಿರಲಿಲ್ಲ.

ಮುಂದೆ ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ಸಂಪರ್ಕವು ಸಾರ್ವತ್ರಿಕವಾಗಲು, ನಡುವಣ ಪ್ರಾಕ್ಸಿಗೆ ಸಾಮಾನ್ಯವಾಗಿ ಕಾಣುವುದು ಮೂಲ ಸರ್ವರಿನ ಹೆಸರು ಮಾತ್ರ. ಪುಟದ ವಿಳಾಸವೂ ಒಡಲೂ ಅದಕ್ಕೆ ಮುಚ್ಚಿಹೋದುವು. ನೆರೆಯವರಿಗೆ ಬಯಲಾಗುತ್ತಿದ್ದ ಓದುಗನ ಗುಟ್ಟು ಇದರಿಂದ ಉಳಿಯಿತು; ಓದದ ಪತ್ರಕ್ಕೆ ಪ್ರತಿಯಿಡಲು ಬಾರದಾದುದರಿಂದ ಸಂಸ್ಥೆಗಳ ಸಂಚಯಕೂಟವು ತನ್ನ ಕೆಲಸವನ್ನು ಬಹುಪಾಲು ಕಳೆದುಕೊಂಡಿತು. ಆದರೂ ಲೆಕ್ಕದ ಉಪಾಯವು ಅಳಿಯಲಿಲ್ಲ. 1997ರಲ್ಲಿ ಕಾರ್ಗರ್, ಲೇಟನ್, ಲೆವಿನ್ ಮೊದಲಾದವರು ಪ್ರಕಟಿಸಿದ, ಕಾರ್ಪ್‌ಗೆ ಸಮೀಪವಾದ ಹಂಚಿಕೆಯ ಕ್ರಮವನ್ನು ಅವಲಂಬಿಸಿ 1998ರಲ್ಲಿ ಅಕಮೈ ಕಂಪೆನಿಯು ಹುಟ್ಟಿತು. ಅಂಥ ಕಂಪೆನಿಗಳ ಸಂಚಯಗಳು ಇಂದು ಓದುಗರ ಸಮೀಪದಲ್ಲಿಯೇ ಇದ್ದರೂ, ಅವು ಪುಟದ ಒಡೆಯನ ಒಪ್ಪಿಗೆಯಿಂದ, ಅವನ ಹೆಸರಿನಲ್ಲಿ, ಅವನಿಂದಲೇ ವೆಚ್ಚವನ್ನು ಪಡೆದು ನಡೆಯುವಂಥವು.